ಜುಮ್ಮೆನ್ನುವ ನಲ್ಲಿ, ಕಿತ್ತಿಟ್ಟ ಆರ್‌ಸಿಸಿಬಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟದೊಳಗಿನ ಹಳೆಯ ಹೆಂಚಿನ ಮನೆ. ಎರಡು ವರ್ಷದ ಹಿಂದೆ ಮೂರು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದೆವು. ಪ್ರತಿ ಕೋಣೆಗೂ ಬಚ್ಚಲು, ಗೀಸರ್ ಇವೆ. ಮಳೆಗಾಲ ಬಂತೆಂದರೆ ಮೇನ್ ಬೋರ್ಡಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್ಚು) ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಕಳೆದ ಜುಲೈನಲ್ಲಿ ವೈರ್‌ಮನ್ ಬಂದು ಅದನ್ನು ಕಿತ್ತು ಲೈನನ್ನು ನೇರವಾಗಿ ಕೊಟ್ಟುಹೋದರು. ಕಿತ್ತದ್ದು ಅಲಮಾರಿಯಲ್ಲಿದೆ. ಅಂದಿನಿಂದ ತೊಂದರೆ ಇರಲಿಲ್ಲ. ಈಗ ಎರಡನೇ ಕೋಣೆಯ ಅತಿಥಿಯೊಬ್ಬರು ಬಿಸಿನೀರಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದರು. ಆ ಕೋಣೆಯ ಗೀಸರ್ ಹೊಸದು. ‘ನಲವತ್ತು ವರ್ಷದಿಂದ ಇದೇ ಮನೆಯಲ್ಲಿದ್ದೇವೆ, ಯಾರಿಗೂ ಏನೂ ಆಗಿಲ್ಲ’ ಎನ್ನುತ್ತಾರೆ ಅತ್ತೆ. ನಾವು ಹೆದರಬೇಕೇ? ಇಂಥ ಮನೆಗಳ ಪರೀಕ್ಷೆಗೆ ಹೋದಾಗ ನೀವು ಏನೇನು ನೋಡುತ್ತೀರಿ?

ಉತ್ತರ: ಮೊದಲು ಕೆಲಸದ ಮಾತು. ಇದನ್ನು ಪೂರ್ತಿ ಓದುವ ಮುಂಚೆ ಎದ್ದುಹೋಗಿ ಮೂರೂ ಗೀಸರ್‌ಗಳ ಎಂಸಿಬಿಯನ್ನು (ಮಿತಿ ಮೀರಿ ಕರೆಂಟು ಹರಿದರೆ ಬೀಳುವ, ಬೋರ್ಡಿನ ಸ್ವಿಚ್ಚು) ಕೆಳಗಿಳಿಸಿ, ಯಾರೂ ಮತ್ತೆ ಎತ್ತದಂತೆ ಮೇಲೊಂದು ಟೇಪು ಅಂಟಿಸಿ ಬನ್ನಿ. ನಲ್ಲಿ ಈಗಲೂ ಜುಮ್ಮೆನ್ನುತ್ತದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡುವ ಸಾಹಸ ಬೇಡ. ಬುಕಿಂಗ್ ಇದ್ದರೆ ಮುಂದೂಡಿ. ತೋಟದ ಮನೆ ಎಂದಿರಿ, ಬಚ್ಚಲ ಒಲೆ ಇನ್ನೂ ಇದ್ದೀತು. ಮನೆಯವರು ನಾಲ್ಕು ದಿನ ಹಂಡೆಯ ನೀರಿನಲ್ಲೇ ಸ್ನಾನ ಮಾಡಿ.

ಇನ್ನು ನಿಮ್ಮ ಅತ್ತೆಯವರ ಮಾತು. ಅದು ಸುಳ್ಳಲ್ಲ. ಚಿಕ್ಕಮಗಳೂರು, ಕೊಪ್ಪ, ಮೂಡಿಗೆರೆ, ಘಟ್ಟದ ಅಂಚಿನಲ್ಲಿ ಸಕಲೇಶಪುರದವರೆಗೆ ಹೋಮ್‌ಸ್ಟೇಗಳ ವೈರಿಂಗ್ ನೋಡುತ್ತ ತಿರುಗುವ ನನಗೆ ಪ್ರತಿ ಹಳೆಯ ಮನೆಯಲ್ಲೂ ಈ ಮಾತು ಹೇಳುವ ಹಿರಿಯರೊಬ್ಬರು ಸಿಗುತ್ತಾರೆ, ಮತ್ತು ಅವರು ಹೇಳುವುದು ನಿಜವೇ ಆಗಿರುತ್ತದೆ. ಏಕೆಂದರೆ ಅವರಿಗೆ ಮನೆ ಗೊತ್ತು. ಅಡುಗೆಮನೆ ಬಾಗಿಲ ಹಿಂದಿನ ಸ್ವಿಚ್ಚನ್ನು ಕೈ ಒರೆಸಿಕೊಂಡೇ ಒತ್ತಬೇಕು, ಮಿಕ್ಸಿಯ ಪ್ಲಗ್ಗನ್ನು ಸ್ವಲ್ಪ ಎಡಕ್ಕೆ ಒತ್ತಿ ಹಿಡಿಯಬೇಕು, ನೀರಿನ ಮೋಟಾರಿನ ಹತ್ತಿರ ಚಪ್ಪಲಿ ಇಲ್ಲದೆ ಹೋಗಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನೂ ಕಲಿತಿರುತ್ತಾರೆ. ಮನೆಯ ದೋಷಗಳಿಗೂ ಮನೆಯವರಿಗೂ ಒಂದು ಒಳ ಒಪ್ಪಂದ ಆಗಿರುತ್ತದೆ. ಬೆಂಗಳೂರಿನಿಂದ ಬಂದವರಿಗೆ ಆ ಒಪ್ಪಂದದ ಸುಳಿವೇ ಇರುವುದಿಲ್ಲ. ಮುಳ್ಳಯ್ಯನಗಿರಿಯ ಮಳೆಯಲ್ಲಿ ನೆನೆದು, ರಾತ್ರಿ ಹತ್ತಕ್ಕೆ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಅವರು ನೇರ ನಲ್ಲಿಗೆ ಕೈ ಹಾಕುತ್ತಾರೆ. ಮನೆಯವರ ತಲೆಯಲ್ಲಿದ್ದ ಎಚ್ಚರಿಕೆಯನ್ನೆಲ್ಲ ವೈರಿಂಗಿನೊಳಕ್ಕೆ ಇಳಿಸುವುದೇ ಮನೆಯನ್ನು ಹೋಮ್‌ಸ್ಟೇ ಮಾಡುವಾಗಿನ ನಿಜವಾದ ಕೆಲಸ. ಬಣ್ಣ, ಹೊಸ ಟೈಲ್ಸ್, ಜಗುಲಿಯ ಉಯ್ಯಾಲೆ ಎಲ್ಲ ಆಮೇಲೆ.

ನಾನು ಪರೀಕ್ಷೆಗೆ ಹೋದಾಗ ಆಗುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಕಾಫಿ ಬರುತ್ತದೆ. ಮನೆಯವರು ಮೊದಲು ಹಿತ್ತಿಲಿಗೆ ಕರೆದೊಯ್ದು ಗುಡ್ಡ ತೋರಿಸುತ್ತಾರೆ. ಗುಡ್ಡ ಚೆನ್ನಾಗಿಯೇ ಇರುತ್ತದೆ. ‘ಬಚ್ಚಲು ತೋರಿಸಿ’ ಎಂದಾಗ ಅವರ ಮುಖ ಸ್ವಲ್ಪ ಸಣ್ಣದಾಗುತ್ತದೆ.

ಆರ್‌ಸಿಸಿಬಿಯ ವಿಷಯಕ್ಕೆ ಬರೋಣ. ನಮ್ಮ ಕಡೆ ಅನೇಕರು ಅದನ್ನು ಇಎಲ್‌ಸಿಬಿ ಎಂದೇ ಕರೆಯುತ್ತಾರೆ, ಹೆಸರಿನ ಜಗಳ ಬೇಡ. ಫೇಸ್ ವೈರಿನಲ್ಲಿ ಒಳಗೆ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಕ್ಕೆ ಬಂತೇ ಎಂದು ಸದಾ ಲೆಕ್ಕ ನೋಡುವುದಷ್ಟೇ ಅದರ ಕೆಲಸ. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ ನಡುವೆ ಎಲ್ಲೋ ಸೋರಿದೆ ಎಂದರ್ಥ. ಮನೆಗಳಲ್ಲಿ ಮನುಷ್ಯರ ರಕ್ಷಣೆಗೆ ಹಾಕುವುದು 30 ಮಿಲಿಆಂಪಿಯರಿನದು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟಿಗಿಂತಲೂ ಇದು ಕಡಿಮೆ. ಅಷ್ಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ.

‘ಎಂಸಿಬಿ ಇದೆಯಲ್ಲ, ಸಾಕು’ ಎಂದು ನಿಮ್ಮ ವೈರ್‌ಮನ್ ಹೇಳಿರಬಹುದು. ಅದು ಈ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ತಪ್ಪು ಮಾತು. ಎಂಸಿಬಿ ಇರುವುದು ವೈರನ್ನು ಉಳಿಸಲು. ಒದ್ದೆ ಮೈಯ ಮನುಷ್ಯನ ತಡೆಯನ್ನು ಸುಮಾರು ಸಾವಿರ ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟ್ ತಾಗಿದರೆ ಮೈಯೊಳಗೆ ಹರಿಯುವುದು 230 ಮಿಲಿಆಂಪಿಯರ್, ಎಂದರೆ ಕಾಲು ಆಂಪಿಯರಿಗೂ ಕಡಿಮೆ. ಗುಂಡಿಗೆ ಲಯ ತಪ್ಪಿಸಲು ಅದು ಧಾರಾಳವಾಗಿ ಸಾಕು. ಗೀಸರಿನ 16 ಆಂಪಿಯರ್ ಎಂಸಿಬಿಯ ಪಾಲಿಗೆ ಅದು ತನ್ನ ಮಿತಿಯ ಎಪ್ಪತ್ತನೇ ಒಂದು ಪಾಲು; ಇರುವೆ ಕಚ್ಚಿದಷ್ಟೂ ಅಲ್ಲ. ನಿಮ್ಮ ಮನೆಯ ಆರ್‌ಸಿಸಿಬಿ ದಿನಕ್ಕೆ ನಾಲ್ಕು ಸಲ ಬೀಳುತ್ತಿದ್ದಾಗ ಕೆಟ್ಟಿದ್ದದ್ದು ಅದಲ್ಲ. ಸೋರಿಕೆ ಇದೆ ಎಂದು ಅದು ದಿನಕ್ಕೆ ನಾಲ್ಕು ಸಲ ಹೇಳುತ್ತಿತ್ತು. ಜುಲೈನಲ್ಲಿ ಕಿತ್ತದ್ದು ಅದನ್ನು ಮಾತ್ರ. ಸೋರಿಕೆ ಅಲ್ಲೇ ಉಳಿಯಿತು, ಈಗ ನಲ್ಲಿಯ ತನಕ ಬಂದಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ಆ ಕೋಣೆಯ ಗೀಸರ್ ಹೊಸದು’ ಎಂಬುದು. ಜುಮ್ಮೆನ್ನುವುದು ಎರಡನೇ ಕೋಣೆಯಲ್ಲಿ. ಆದರೆ ಕೆಟ್ಟಿರುವುದು ಒಂದನೆಯದೋ ಮೂರನೆಯದೋ ಇರಬಹುದು. ಎಲ್ಲ ಗೀಸರ್‌ಗಳ ಹಸಿರು ವೈರೂ, ಎಂದರೆ ಅರ್ಥ್ ವೈರು, ಬೋರ್ಡಿನಲ್ಲಿ ಒಂದೇ ಪಟ್ಟಿಗೆ ಸೇರುತ್ತದೆ. ಆ ಪಟ್ಟಿ ಮಣ್ಣಿಗೆ ಸರಿಯಾಗಿ ಸೇರಿದ್ದರೆ ಕೆಟ್ಟ ಗೀಸರಿನ ಕರೆಂಟು ಮಣ್ಣಿಗೆ ಹೋಗುತ್ತದೆ. ಸೇರದಿದ್ದರೆ ಅದೇ ಪಟ್ಟಿಯ ಮೂಲಕ ಒಂದು ಕೋಣೆಯ ಕರೆಂಟು ಮೂರೂ ಕೋಣೆಯ ಗೀಸರ್ ಮೈಗೆ ಹಂಚಿಕೆಯಾಗುತ್ತದೆ. ಆಗ ಫ್ರಿಜ್ಜಿನ ಬಾಗಿಲೂ ಸುರಕ್ಷಿತವಲ್ಲ.

ಕೆಲವು ವರ್ಷದ ಹಿಂದೆ ಸಕಲೇಶಪುರದ ಹಾನಬಾಳು ಕಡೆ ಒಂದು ಮನೆಗೆ ಇದೇ ದೂರಿನ ಮೇಲೆ ಹೋಗಿದ್ದೆ. ಅರ್ಥಿಂಗ್ ಎಲ್ಲಿದೆ ಎಂದರೆ ಯಜಮಾನರು ಹೆಮ್ಮೆಯಿಂದಲೇ ಹಿಂದುಗಡೆಯ ಗೋಡೆ ತೋರಿಸಿದರು. ಅವರ ತಂದೆಯ ಕಾಲದ ಪದ್ಧತಿ: ಬಾವಿಯಿಂದ ಬರುವ ಕಬ್ಬಿಣದ ನೀರಿನ ಪೈಪಿಗೆ ತಾಮ್ರದ ವೈರು ಸುತ್ತಿ ಕ್ಲಾಂಪ್ ಬಿಗಿದಿದ್ದರು. ನೂರಾರು ಅಡಿ ಕಬ್ಬಿಣ ಮಣ್ಣೊಳಗೆ ಹೂತಿದ್ದರಿಂದ ಆ ಕಾಲಕ್ಕೆ ಅದು ಕೆಟ್ಟ ಅರ್ಥಿಂಗ್ ಆಗಿರಲಿಲ್ಲ. ಹೋಮ್‌ಸ್ಟೇ ಮಾಡುವಾಗ ಪ್ಲಂಬರ್ ಬಂದು ತುಕ್ಕು ಹಿಡಿದ ಪೈಪನ್ನೆಲ್ಲ ತೆಗೆದು ಪಿವಿಸಿ ಎಳೆದ. ಗೋಡೆಯ ಹೊರಗೆ ಉಳಿದದ್ದು ಒಂದಡಿ ಕಬ್ಬಿಣ, ಅದರ ಮೇಲೆ ಕ್ಲಾಂಪು. ಪ್ಲಂಬರ್ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ತಾನು ಇಡೀ ಮನೆಯ ಅರ್ಥಿಂಗ್ ತೆಗೆದುಬಿಟ್ಟೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಕೆಟ್ಟಿದ್ದದ್ದು ಮೂರನೇ ಕೋಣೆಯ ಗೀಸರಿನ ಕಾಯಿಲ್, ಶಾಕ್ ಹೊಡೆಯುತ್ತಿದ್ದದ್ದು ಒಂದನೇ ಕೋಣೆಯಲ್ಲಿ. ಅವರು ಒಂದನೇ ಕೋಣೆಯ ಗೀಸರನ್ನು ಎರಡು ಸಲ ಬದಲಾಯಿಸಿದ್ದರು. ನಿಮ್ಮಲ್ಲೂ ಹೋಮ್‌ಸ್ಟೇ ಮಾಡುವಾಗ ನೀರಿನ ಪೈಪು ಬದಲಾಗಿದೆಯೇ? ನೆನಪು ಮಾಡಿಕೊಳ್ಳಿ.

ಅರ್ಥಿಂಗ್ ಗುಂಡಿ ಇದ್ದರೂ ಅದು ಕೆಲಸ ಮಾಡುತ್ತಿದೆ ಎಂದೇನಿಲ್ಲ. ನಮ್ಮದು ಜಂಬಿಟ್ಟಿಗೆಯ ನೆಲ, ಕೆಲವೆಡೆ ಮೂರಡಿಗೇ ಬಂಡೆ. ಮಳೆಗಾಲದಲ್ಲಿ ಕಾಲಿಟ್ಟಲ್ಲಿ ನೀರು ಒಸರುವ ಜಾಗವೇ ಏಪ್ರಿಲ್‌ನಲ್ಲಿ ಗುದ್ದಲಿಗೆ ಬಗ್ಗುವುದಿಲ್ಲ. ಗುಂಡಿಯ ತಡೆ 50 ಓಮ್‌ಗೆ ಏರಿದೆ ಎನ್ನಿ. ಗೀಸರ್ ಕೆಟ್ಟು ಮೈಗೆ ಫೇಸ್ ತಾಗಿದರೆ ಮಣ್ಣಿಗೆ ಹರಿಯುವುದು 230 ಭಾಗಿಸು 50, ಎಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಎಂದೂ ಬೀಳುವುದಿಲ್ಲ. ಗೀಸರಿನ ಮೈ ರಾತ್ರಿಯಿಡೀ ಜೀವಂತ ಫೇಸ್ ಆಗಿ ಕೂತಿರುತ್ತದೆ. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. 4.6 ಆಂಪಿಯರ್ ಎಂದರೆ ಸುಮಾರು ಒಂದು ಕಿಲೋವ್ಯಾಟ್. ಹಗಲೂ ರಾತ್ರಿ ಸೋರಿದರೆ ದಿನಕ್ಕೆ 25 ಯೂನಿಟ್ ಮಣ್ಣು ಕುಡಿಯುತ್ತದೆ, ಮೀಟರ್ ಅದನ್ನು ನಿಮ್ಮ ಲೆಕ್ಕಕ್ಕೇ ಬರೆಯುತ್ತದೆ. ಜುಲೈನಿಂದ ಈಚಿನ ಮೆಸ್ಕಾಂ ಬಿಲ್ಲುಗಳನ್ನು ತೆಗೆದು ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕ ಇಟ್ಟು ನೋಡಿ. ಅತಿಥಿಗಳು ಹೆಚ್ಚಾಗದೆ ಯೂನಿಟ್ ಹೆಚ್ಚಾಗಿದ್ದರೆ ಅದೂ ಒಂದು ಸಾಕ್ಷಿ.

ನಿಮ್ಮ ವೈರ್‌ಮನ್ ‘ಅರ್ಥಿಂಗ್ ನೋಡಿದ್ದೇನೆ, ಬಲ್ಬು ಜಗ್ಗನೆ ಉರಿಯಿತು’ ಎಂದು ಸಾಧಿಸಬಹುದು. ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿಯುವ ಈ ಪರೀಕ್ಷೆಯನ್ನು ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಮಾಡುತ್ತಿದ್ದರು, ನಾನೂ ಎಷ್ಟೋ ವರ್ಷ ಅದನ್ನೇ ನಂಬಿದ್ದೆ. ಲೆಕ್ಕ ಹಾಕಿ ನೋಡಿದ ದಿನ ಮೈ ಬೆವರಿತು. ಉರಿಯುವ ನೂರು ವ್ಯಾಟಿನ ಬಲ್ಬಿನ ತಡೆಯೇ 529 ಓಮ್. ಅದರ ಮುಂದೆ ಗುಂಡಿಯ 50 ಓಮ್ ಏನೂ ಅಲ್ಲ. ಬಲ್ಬಿಗೆ 210 ವೋಲ್ಟ್ ಸಿಕ್ಕಿಯೇ ಸಿಗುತ್ತದೆ, ಚೆನ್ನಾಗಿಯೇ ಉರಿಯುತ್ತದೆ. ಅರ್ಥಿಂಗ್ ಪೂರ್ತಿ ಸತ್ತಿದೆ ಎಂಬುದನ್ನಷ್ಟೇ ಬಲ್ಬು ಹೇಳಬಲ್ಲದು. ಸಾಯುತ್ತ ಬಿದ್ದಿದೆ ಎಂಬುದನ್ನು ಹೇಳಲಾರದು. ಟೆಸ್ಟರಿನ ಕೆಂಪು ದೀಪಕ್ಕಂತೂ ಅಷ್ಟೂ ಗೊತ್ತಿಲ್ಲ. ಗುಂಡಿಯಿಂದ ದೂರಕ್ಕೆ ಎರಡು ಗೂಟ ಹೊಡೆದು ಅರ್ಥ್ ಟೆಸ್ಟರ್‌ನಿಂದ ಅಳೆಯಬೇಕು. ಐದು ಓಮ್‌ನ ಒಳಗೆ ತರಲು ನಾನು ಹೆಣಗುತ್ತೇನೆ. ಬಂಡೆ ನೆಲದಲ್ಲಿ ಎಲ್ಲ ಕಡೆ ಸಾಧ್ಯವಾಗುವುದಿಲ್ಲ, ಅಂಥಲ್ಲಿ ಆರ್‌ಸಿಸಿಬಿ ಇಲ್ಲದ ಬಚ್ಚಲಿಗೆ ನಾನು ಒಪ್ಪಿಗೆ ಕೊಡುವುದಿಲ್ಲ.

ಹೊಸ ಗುಂಡಿ ತೆಗೆಸುವುದಾದರೆ ಮನೆಯ ಮುಂದಿನ ಹೂದೋಟ ಬಿಡಿ, ಹಿತ್ತಿಲ ಬಾಳೆಯ ಬುಡಕ್ಕೆ ಹೋಗಿ. ಬಚ್ಚಲ ನೀರು ಹರಿದು ವರ್ಷವಿಡೀ ತೇವವಿರುವ ಜಾಗ ಅದೇ. ಗೋಡೆಯಿಂದ ಒಂದೂವರೆ ಮೀಟರ್ ದೂರವಿರಲಿ, ಜಿಐ ಪೈಪು ಎರಡೂವರೆ ಮೀಟರಿಗೆ ಕಡಿಮೆ ಬೇಡ. ಇದ್ದಿಲು, ಉಪ್ಪು ಹಾಕಿ ಮುಗಿಸಿದ ಮೇಲೆ ಮೇಲಿನ ಕ್ಲಾಂಪು ಕಣ್ಣಿಗೆ ಕಾಣುವಂತಿರಲಿ, ಅದರ ಮೇಲೆ ಕಾಂಕ್ರೀಟ್ ಸುರಿಯಬೇಡಿ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಆ ಜೋಡಣೆಯನ್ನು ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಒಂದು ಪೈಪಿಗೆ ತಡೆ ಇಳಿಯದಿದ್ದರೆ ನಾಲ್ಕೈದು ಮೀಟರ್ ದೂರದಲ್ಲಿ ಇನ್ನೊಂದು ಹೂತು ಎರಡನ್ನೂ ಸೇರಿಸಿ.

ಈಗ ಮಳೆಗಾಲದಲ್ಲೇ ಏಕೆ ಬೀಳುತ್ತಿತ್ತು ಎಂಬ ಪ್ರಶ್ನೆ. ಇದನ್ನು ಹುಡುಕುವುದು ತಾಳ್ಮೆಯ ಕೆಲಸ. ವೈರ್‌ಮನ್‌ಗಳು ಆರ್‌ಸಿಸಿಬಿ ಕೀಳುವುದು ದುಷ್ಟತನದಿಂದಲ್ಲ, ತಾಳ್ಮೆ ಮುಗಿದು. ಜಡಿಮಳೆಯಲ್ಲಿ ಇಪ್ಪತ್ತು ಮೈಲಿ ಬೈಕಿನಲ್ಲಿ ಬಂದವನಿಗೆ ಮನೆ ತುಂಬ ಅತಿಥಿಗಳಿದ್ದಾರೆ, ಹತ್ತು ನಿಮಿಷದಲ್ಲಿ ಲೈಟು ಬರಬೇಕು ಎಂದರೆ ಅವನೇನು ಮಾಡಿಯಾನು? ಸಾಮಾನ್ಯವಾಗಿ ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತಾರೆ. ಯಾವುದಕ್ಕೆ ಬಿತ್ತೋ ಆ ಲೈನಿನಲ್ಲಿ ದೋಷ. ಆದರೆ ಕೆಲವು ಸಲ ಎಲ್ಲ ಎಂಸಿಬಿ ಇಳಿಸಿದ್ದರೂ ಅದು ನಿಲ್ಲುವುದಿಲ್ಲ. ಆಗಲೇ ‘ಆರ್‌ಸಿಸಿಬಿಯೇ ಕೆಟ್ಟಿದೆ’ ಎಂಬ ತೀರ್ಪು ಹೊರಬೀಳುತ್ತದೆ. ಒಂಟಿ ಪೋಲಿನ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಇರುತ್ತದೆ. ಒದ್ದೆಯಾದ ಜಾಗದಲ್ಲಿ ನ್ಯೂಟ್ರಲ್ ಮಣ್ಣಿಗೆ ತಾಗಿದ್ದರೆ ಎಂಸಿಬಿ ಇಳಿಸಿ ಪ್ರಯೋಜನವಿಲ್ಲ. ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ಕಪ್ಪು ವೈರುಗಳನ್ನು ಒಂದೊಂದೇ ಬಿಚ್ಚಿ 500 ವೋಲ್ಟಿನ ಮೆಗ್ಗರ್‌ನಿಂದ, ಎಂದರೆ ವೈರಿನ ಹೊದಿಕೆಯ ತಡೆ ಅಳೆಯುವ ಯಂತ್ರದಿಂದ, ಅಳೆಯಬೇಕು. ಒಳ್ಳೆಯ ಲೈನು ಒಂದು ಮೆಗಾಓಮ್‌ಗಿಂತ ಮೇಲೆಯೇ ತೋರಿಸುತ್ತದೆ. ಫೇಸ್ ಮಣ್ಣಿಗೆ ಸೋರುವಲ್ಲಿ ತಡೆ ಎಂಟು-ಹತ್ತು ಸಾವಿರ ಓಮ್‌ಗೆ ಇಳಿದರೆ ಆರ್‌ಸಿಸಿಬಿ ಬೀಳಬಹುದು.

ಎಲ್ಲಿ ಸಿಗುತ್ತದೆ? ನನ್ನ ಅನುಭವದಲ್ಲಿ ಮೊದಲ ಗುಮಾನಿ ಗೇಟಿನ ದೀಪ, ಅಂಗಳದ ದೀಪ, ಕ್ಯಾಂಪ್‌ಫೈರ್ ಜಾಗಕ್ಕೆಂದು ಎಳೆದ ಸೀರಿಯಲ್ ಸೆಟ್ಟಿನ ಮೇಲೆ. ಹೋಮ್‌ಸ್ಟೇ ಆದ ಮೇಲೆ ಸೇರಿಸಿದ ವೈರುಗಳೇ ಹಳೆಯ ವೈರಿಗಿಂತ ಕೆಟ್ಟದಾಗಿರುವುದು ವಿಚಿತ್ರ, ಆದರೆ ನಿಜ. ಆಲ್ದೂರಿನ ಕಡೆಯ ಒಂದು ತೋಟದಲ್ಲಿ ಕಾಫಿ ಕಣದ ಆಚೆಯ ದೀಪಕ್ಕೆ ಮನೆಯೊಳಗೆ ಎಳೆಯುವ ವೈರನ್ನೇ ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪಿನೊಳಗೆ ತೂರಿಸಿ ಅರ್ಧ ಅಡಿ ಆಳಕ್ಕೆ ಹೂತಿದ್ದರು. ಯಾರದೋ ಗುದ್ದಲಿ ತಾಗಿ ಕಡಿದಿತ್ತು. ಜೋಡಿಸಿ, ಟೇಪು ಸುತ್ತಿ, ಅದರ ಮೇಲೆ ಹಾಲಿನ ಪ್ಲಾಸ್ಟಿಕ್ ಕವರ್ ಕಟ್ಟಿ ಮುಚ್ಚಿದ್ದರು. ಬೇಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಆರಿದ್ರಾ ಮಳೆ ಹಿಡಿದ ಎರಡನೇ ದಿನಕ್ಕೆ ಕವರಿನೊಳಗೆ ನೀರು, ಆರ್‌ಸಿಸಿಬಿ ಕೆಳಗೆ. ಅದನ್ನು ಹುಡುಕಲು ನನಗೆ ಒಂದೂವರೆ ದಿನ ಹಿಡಿಯಿತು, ಜಿಗಣೆ ಕಚ್ಚಿಸಿಕೊಂಡದ್ದು ಬೇರೆ.

ಎರಡನೆಯದು ಅಟ್ಟ. ಹೆಂಚಿನ ಮನೆಯಲ್ಲಿ ಪಕಾಸು-ರೀಪಿನ ಮೇಲೆ ಓಡುವ ವೈರನ್ನು ಇಲಿ ಕಡಿದಿರುತ್ತದೆ, ಒಡೆದ ಹೆಂಚಿನಿಂದ ಅದೇ ಜಾಗಕ್ಕೆ ನೀರು ತೊಟ್ಟಿಕ್ಕುತ್ತದೆ. ಹಳೆಯ ಮರದ ಪಟ್ಟಿಯ ಮೇಲಿನ ರಬ್ಬರ್ ವೈರು ಉಳಿದಿದ್ದರೆ ಪರೀಕ್ಷೆಯೇ ಬೇಡ, ತೆಗೆಸಿಬಿಡಿ. ಕೈಯಲ್ಲಿ ಬಗ್ಗಿಸಿದರೆ ಒಣ ಹಪ್ಪಳದಂತೆ ಉದುರುತ್ತದೆ.

ಮೂರನೆಯದು ಇನ್ವರ್ಟರ್, ಇದು ಮಳೆಗೆ ಸಂಬಂಧವೇ ಇಲ್ಲದ ಕಾರಣ. ಇನ್ವರ್ಟರಿಗೆ ಫೇಸನ್ನು ಆರ್‌ಸಿಸಿಬಿಗಿಂತ ಮುಂಚೆ ತೆಗೆದುಕೊಂಡು, ಅದರ ದೀಪಗಳ ನ್ಯೂಟ್ರಲನ್ನು ಮಾತ್ರ ಮನೆಯ ಎಲ್ಲ ನ್ಯೂಟ್ರಲ್‌ಗಳ ಜೊತೆ ಕಟ್ಟಿಬಿಟ್ಟಿರುತ್ತಾರೆ. ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ಲೆಕ್ಕ ತಪ್ಪಿತೆಂದು ಆರ್‌ಸಿಸಿಬಿ ಬೀಳುತ್ತದೆ, ಸೋರಿಕೆ ಎಲ್ಲೂ ಇರುವುದಿಲ್ಲ. ಇನ್ವರ್ಟರ್ ಲೈನಿಗೆ ಬೇರೆಯೇ ನ್ಯೂಟ್ರಲ್ ಎಳೆಯುವುದು, ಅದಕ್ಕೆ ಬೇರೆಯೇ ಆರ್‌ಸಿಸಿಬಿ ಕೊಡುವುದು ಇದಕ್ಕಿರುವ ಮದ್ದು.

ದೋಷವೆಲ್ಲ ತೆಗೆದ ಮೇಲೂ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡಬೇಡಿ. ಟಿವಿ, ಫ್ರಿಜ್ಜು, ವಾಷಿಂಗ್ ಮಷೀನ್, ವೈಫೈ ಎಲ್ಲವೂ ಚೆನ್ನಾಗಿದ್ದಾಗಲೂ ಒಂಚೂರು ಸೋರುತ್ತವೆ. 30 ಮಿಲಿಆಂಪಿಯರಿನದು ಹದಿನೈದರ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು, ಹಾಗೆ ಬಿದ್ದರೆ ಅದು ದೋಷವಲ್ಲ. ಎಲ್ಲದರ ಸೋರಿಕೆಯೂ ಒಂದರ ಮೇಲೇ ಕೂತರೆ ಅದು ಸದಾ ಅಂಚಿನಲ್ಲೇ ನಿಂತಿರುತ್ತದೆ. ಬಚ್ಚಲುಗಳಿಗೆ ಒಂದು, ಕೋಣೆಗಳಿಗೆ ಒಂದು, ಹೊರಗಿನ ದೀಪ ಮತ್ತು ನೀರಿನ ಮೋಟಾರಿಗೆ ಒಂದು ಎಂದು ಬೇರೆ ಮಾಡಿಸಿ. ಆಗ ಅಂಗಳದ ದೀಪಕ್ಕೆ ನೀರು ನುಗ್ಗಿದರೆ ಅಂಗಳ ಮಾತ್ರ ಕತ್ತಲಾಗುತ್ತದೆ, ಅತಿಥಿಯ ಕೋಣೆಯಲ್ಲ. ಹೀಗೆ ಮಾಡಿದ ಮನೆಗಳಲ್ಲಿ ಆರ್‌ಸಿಸಿಬಿ ಕೀಳುವ ಯೋಚನೆ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ. ಹೆಚ್ಚುವರಿ ಒಂದರ ಬೆಲೆ ನಿಮ್ಮ ಒಂದು ಕೋಣೆಯ ಒಂದು ರಾತ್ರಿಯ ಬಾಡಿಗೆಯ ಆಸುಪಾಸು ಇದ್ದೀತು.

ಉಳಿದಂತೆ ನಾನು ನೋಡುವುದು, ಮುಟ್ಟುವುದು, ಮೂಸುವುದು. ಮೂಸುವುದು ಎಂದಾಗ ನಗಬೇಡಿ. ಶೃಂಗೇರಿ ದಾರಿಯ ಒಂದು ಮನೆಯಲ್ಲಿ ಒಂದು ಕೋಣೆಯಿಂದ ಮೀನಿನ ವಾಸನೆ ಬರುತ್ತದೆ ಎಂದು ಅತಿಥಿಗಳು ದೂರುತ್ತಿದ್ದರು. ಮನೆಯವರು ಅಪ್ಪಟ ಸಸ್ಯಾಹಾರಿಗಳು. ಹಿಂದೆ ಬಂದವರ್ಯಾರೋ ಕದ್ದು ತಂದು ತಿಂದರು ಎಂದು ಕೋಣೆಯನ್ನು ಮೂರು ಸಲ ತೊಳೆಸಿ, ಧೂಪ ಹಾಕಿ ಸೋತಿದ್ದರು. ನಾನು ಹೋದದ್ದು ಬೇರೆ ಕೆಲಸಕ್ಕೆ. ಗೀಸರಿನ 16 ಆಂಪಿಯರ್ ಸಾಕೆಟ್ಟಿನ ಮುಚ್ಚಳ ತೆಗೆದರೆ ಒಳಗೆ ಕಂದು ಬಣ್ಣಕ್ಕೆ ಬೆಂದ ಪ್ಲಾಸ್ಟಿಕ್ಕು. ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಕಾದು ಬೇಯತೊಡಗಿದರೆ ಎಷ್ಟೋ ಸಲ ಮೀನಿನ ವಾಸನೆಯೇ ಬರುತ್ತದೆ. ಸ್ಕ್ರೂ ಸಡಿಲವಾಗಿ ಕಿಡಿ ಹಾರುತ್ತಿತ್ತು, ಮೇಲೆಯೇ ಮರದ ಹಲಗೆ. ಇನ್ನೊಂದು ವಾರ ಕಳೆದಿದ್ದರೆ ಧೂಪದ ಅಗತ್ಯವಿರುತ್ತಿರಲಿಲ್ಲ.

ಸಡಿಲ ಸ್ಕ್ರೂವನ್ನು ಯಾವ ಎಂಸಿಬಿಯೂ ಯಾವ ಆರ್‌ಸಿಸಿಬಿಯೂ ಹಿಡಿಯುವುದಿಲ್ಲ. ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿ ಬೋರ್ಡಿನ ಪ್ರತಿ ಸ್ಕ್ರೂವನ್ನೂ ಬಿಗಿ ಮಾಡಿಸಬೇಕು. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಅದರ ಪ್ಲಗ್ಗು, ಸಾಕೆಟ್ಟು ಕೈ ಹಿಂದೆಗೆಯುವಷ್ಟು ಬಿಸಿಯಾಗಬಾರದು.

ಈಚೆಗೆ ಸೇರಿಕೊಂಡಿರುವ ತಲೆನೋವು ವಿದ್ಯುತ್ ಕಾರು. ಅತಿಥಿ ರಾತ್ರಿ ಊಟ ಮುಗಿಸಿ, ಕಿಟಕಿಯಿಂದ ವೈರು ಎಳೆದು ಕೋಣೆಯ ಸಾಕೆಟ್ಟಿಗೆ ಚುಚ್ಚಿ ಮಲಗುತ್ತಾರೆ. ಮನೆಯಲ್ಲಿ ಚುಚ್ಚುವ ಚಾರ್ಜರ್ 3.3 ಕಿಲೋವ್ಯಾಟಿನದಾದರೆ 14 ಆಂಪಿಯರ್ ದಾಟುತ್ತದೆ. ಗೀಸರ್ ನೀರು ಕಾದ ಮೇಲೆ ತಾನೇ ನಿಲ್ಲುತ್ತದೆ, ಕಾರು ಬೆಳಗಿನವರೆಗೂ ನಿಲ್ಲಿಸುವುದಿಲ್ಲ. ಒಂದೂವರೆ ಚದರ ಮಿಲಿಮೀಟರಿನ ವೈರಿನ ಹಳೆಯ ಸಾಕೆಟ್ಟಿಗೆ ಇದು ತಡೆಯುವ ಮಾತಲ್ಲ. ಬೇಡ ಎಂದರೆ ಅತಿಥಿಗೆ ಬೇಸರ. ಆದ್ದರಿಂದ ಕಾರು ನಿಲ್ಲಿಸುವ ಜಾಗದಲ್ಲೇ ಬೋರ್ಡಿನಿಂದ ನೇರವಾಗಿ ನಾಲ್ಕು ಚದರ ಮಿಲಿಮೀಟರಿನ ವೈರು ಎಳೆಸಿ, ಮಳೆ ತಾಗದ ಸಾಕೆಟ್ಟು, ಅದಕ್ಕೇ ಬೇರೆ ಎಂಸಿಬಿ, ‘ಎ’ ಮಾದರಿಯ (ಚಾರ್ಜರಿನಂಥ ಎಲೆಕ್ಟ್ರಾನಿಕ್ ಸಾಧನಗಳ ಸೋರಿಕೆಯನ್ನೂ ಗುರುತಿಸುವ) ಆರ್‌ಸಿಸಿಬಿ ಕೊಟ್ಟುಬಿಡಿ. ಮೂರು ಗೀಸರು, ಮೇಲೊಂದು ಕಾರು ಎಂದಾಗ ನಿಮ್ಮ ಮಂಜೂರಾದ ಲೋಡ್ ಎಷ್ಟೆಂದೂ ನೋಡಿಕೊಳ್ಳಿ. ತಂದೆಯ ಕಾಲದ ಎರಡು ಕಿಲೋವ್ಯಾಟಿನ ಮೇಲೆ ಹತ್ತು ಕಿಲೋವ್ಯಾಟ್ ಓಡಿಸುವ ಮನೆಗಳು ಇನ್ನೂ ಇವೆ.

ಜನರೇಟರ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಒಂದೇ ಮಾತು: ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನು, ಜನರೇಟರ್ ಇವೆರಡರಲ್ಲಿ ಒಂದನ್ನು ಮಾತ್ರ ಮನೆಗೆ ಸೇರಿಸುವ ಸ್ವಿಚ್ಚು) ಇಲ್ಲದೆ ಅದನ್ನು ಮನೆಗೆ ಸೇರಿಸಬೇಡಿ. ಎರಡೂ ತುದಿಗೆ ಪ್ಲಗ್ಗಿರುವ ವೈರನ್ನು ಜನರೇಟರಿನಿಂದ ತಂದು ಅಡುಗೆಮನೆ ಸಾಕೆಟ್ಟಿಗೆ ಚುಚ್ಚುವವರನ್ನು ಕಂಡಿದ್ದೇನೆ. ಮೇನ್ ಇಳಿಸಲು ಮರೆತರೆ ಆ ಕರೆಂಟು ಕಂಬ ಹತ್ತಿ ಟಿಸಿಗೆ, ಎಂದರೆ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ ತಿರುಗುಮುರುಗಾಗಿ 11 ಸಾವಿರ ವೋಲ್ಟ್‌ನ ಲೆಕ್ಕಕ್ಕೆ ಏರುತ್ತದೆ. ಸಿಲ್ವರ್ ಓಕ್ ಬಿದ್ದ ಲೈನನ್ನು ಸತ್ತಿದೆ ಎಂದು ನಂಬಿ ಮಳೆಯಲ್ಲಿ ಲೈನ್‌ಮನ್ ಮುಟ್ಟಿರುತ್ತಾನೆ. ಇಂಥ ವೈರು ಕಂಡರೆ ಮನೆಯವರ ಎದುರೇ ಕತ್ತರಿಸಿ ಬರುತ್ತೇನೆ. ಕೆಲವರು ಆಮೇಲೆ ನನ್ನನ್ನು ಕರೆದಿಲ್ಲ.

ನನ್ನ ವಿಷಯವಲ್ಲದಿದ್ದರೂ ಇನ್ನೊಂದು. ಶಾಕಿಗೆ ಹೆದರಿ ಗ್ಯಾಸ್ ಗೀಸರ್ ಹಾಕಿಸುತ್ತೇವೆ ಎಂದು ಹೊರಡಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮೊದಲು ಜುಮ್ಮೆನಿಸಿ ಎಚ್ಚರಿಸುವುದೂ ಇಲ್ಲ. ಹಾಕಲೇಬೇಕಾದರೆ ಹೊರಗೋಡೆಗೆ ಹಾಕಿ, ನೀರು ಮಾತ್ರ ಒಳಗೆ ಬರಲಿ.

ಕೆಲಸಕ್ಕೆ ಯಾರನ್ನು ಕರೆಯಬೇಕು? ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಲೈಸೆನ್ಸ್ ಇರುವ ಗುತ್ತಿಗೆದಾರರನ್ನು, ಪರ್ಮಿಟ್ ತೋರಿಸುವ ವೈರ್‌ಮನ್‌ನನ್ನು. ನಿಮ್ಮ ಹಳೆಯ ವೈರ್‌ಮನ್‌ಗೆ ಪರ್ಮಿಟ್ ಇದ್ದರೆ ಅವರೇ ಆಗಬಹುದು, ಮುನಿಸು ಬೇಡ. ಹತ್ತು ನಿಮಿಷದ ಬದಲು ಎರಡು ದಿನ ಕೊಡಿ, ಎರಡು ದಿನದ ಕೂಲಿಯನ್ನೂ ಕೊಡಿ. ಕೆಲಸ ಮುಗಿದ ಮೇಲೆ ‘ಎಲ್ಲ ಸರಿಯಿದೆ’ ಎಂಬ ಬಾಯಿಮಾತು ಒಪ್ಪಬೇಡಿ. ಪ್ರತಿ ಲೈನಿನ ಮೆಗ್ಗರ್ ಅಳತೆ, ಅರ್ಥಿಂಗ್ ಎಷ್ಟು ಓಮ್, ಪ್ರತಿ ಆರ್‌ಸಿಸಿಬಿ ಎಷ್ಟು ಮಿಲಿಆಂಪಿಯರಿಗೆ ಎಷ್ಟು ಹೊತ್ತಿನಲ್ಲಿ ಬಿತ್ತು, ಇಷ್ಟನ್ನು ಕಾಗದದಲ್ಲಿ ಬರೆಸಿ ದಿನಾಂಕ ಹಾಕಿಸಿ. ಆ ಕಾಗದವನ್ನು ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮುಂದಿನ ವರ್ಷ ಬರುವವನಿಗೆ, ಅದು ನಾನೇ ಆದರೂ, ಹೋಲಿಸಲು ಏನಾದರೂ ಇರಲಿ.

ಯಾವಾಗ ಮಾಡಿಸಬೇಕು ಎಂಬುದರಲ್ಲಿ ಒಂದು ಇಕ್ಕಟ್ಟಿದೆ. ಸೀಸನ್ ಶುರುವಾಗುವ ಮುಂಚೆ, ಅಕ್ಟೋಬರ್‌ನ ಬಿಸಿಲಿನಲ್ಲಿ ಎಲ್ಲರೂ ಕರೆಯುತ್ತಾರೆ. ಆಗ ಎಲ್ಲವೂ ಚೆನ್ನಾಗಿರುತ್ತದೆ: ವೈರು ಒಣಗಿರುತ್ತದೆ, ನೆಲದಲ್ಲಿ ಇನ್ನೂ ತೇವವಿರುತ್ತದೆ. ವೈರಿನ ಸೋರಿಕೆ ಸಿಕ್ಕಿಬೀಳುವುದು ಪುನರ್ವಸು ಮಳೆಯಲ್ಲಿ, ಅರ್ಥಿಂಗಿನ ದೌರ್ಬಲ್ಯ ಸಿಕ್ಕಿಬೀಳುವುದು ಕಾಫಿ ಹೂ ಅರಳಿಸುವ ಹೂಮಳೆಯೂ ಕೈಕೊಟ್ಟ ಏಪ್ರಿಲ್‌ನಲ್ಲಿ. ನಾನು ಎರಡು ಸಲ ಹೋಗುತ್ತೇನೆ. ನೀವಂತೂ ಈಗ ಕಾಯಬೇಡಿ, ಈ ವಾರವೇ ಮಾಡಿಸಿ. ಆಮೇಲೆ ಬರುವ ಜುಲೈನಲ್ಲೊಮ್ಮೆ ಮೆಗ್ಗರ್ ಹಿಡಿಸಿ.

ಅಲಮಾರಿಯಲ್ಲಿರುವ ಆರ್‌ಸಿಸಿಬಿಯನ್ನು ಬಿಸಾಡಬೇಡಿ. ಮೇಲೆ 30 ಮಿಲಿಆಂಪಿಯರ್ ಎಂದು ಬರೆದಿದೆಯೇ ನೋಡಿ. 100 ಅಥವಾ 300 ಎಂದಿದ್ದರೆ ಬಚ್ಚಲಿಗೆ ಅದು ಸಾಲದು. 30 ಎಂದಿದ್ದರೆ ಬಚ್ಚಲ ಲೈನಿಗೆ ಅದನ್ನೇ ಮತ್ತೆ ಕೂರಿಸಿ, ಯಂತ್ರದಿಂದ ಪರೀಕ್ಷಿಸಲಿ. ಅದರ ಮೇಲೆ ‘ಟಿ’ ಎಂಬ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತುವ ಕೆಲಸವನ್ನು ನಿಮ್ಮ ಅತ್ತೆಯವರಿಗೇ ವಹಿಸಿ, ಅಮಾವಾಸ್ಯೆಯ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಒತ್ತಿದ ಕೂಡಲೇ ಟಕ್ಕನೆ ಬೀಳಬೇಕು. ಬೀಳದಿದ್ದರೆ ಆ ದಿನ ಬಚ್ಚಲ ಲೈನು ಇಳಿಸಿ, ಹೊಸದು ತರಿಸಿ.